ಒಂಬತ್ತನೆಯ ಕೂಗು

ಜಯಲಕ್ಷ್ಮಮ್ಮನವರು ಚಿಕ್ಕವರಿದ್ದಾಗ ಶ್ರೀರಂಗಪಟ್ಟಣದ ಅವರ ಬೀದಿಗೆ ವರ್ಷಕ್ಕೆರಡು ಸಲ ಕಲಾಯಿಯವನು ಬರುತ್ತಿದ್ದ. ಬೇವಿನ ಮರದ ಕೆಳಗೆ ಗುಂಡಿ ತೋಡಿ, ತಿದಿ ಒತ್ತಿ, ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಎರಚಿ ತವರ ಉಜ್ಜುತ್ತಿದ್ದ. ಆಗ ಏಳುತ್ತಿದ್ದ ಬಿಳಿ ಹೊಗೆಯ ವಾಸನೆಗೆ ದೊಡ್ಡವರೆಲ್ಲ ಸೆರಗು ಮೂಗಿಗೆ ಹಿಡಿದರೆ, ಅವರು ಮಾತ್ರ ಮುಖ ಮುಂದಕ್ಕೆ ಚಾಚಿ ನಿಲ್ಲುತ್ತಿದ್ದರು. ಕಪ್ಪು ಪಾತ್ರೆ ಕನ್ನಡಿಯಾಗುವ ವಾಸನೆ ಅದು.

೧೯೯೮ರ ದಸರೆ ಕಳೆದ ಭಾನುವಾರ ಸಂಜೆ ಪಾಂಡವಪುರದ ಮನೆಯ ಬಾಗಿಲು ತೆರೆದಾಗ ಮೂಗಿಗೆ ಹೆಚ್ಚುಕಡಿಮೆ ಅದೇ ವಾಸನೆ ಬಡಿಯಿತು. ಹೊಸಿಲಾಚೆ ಶ್ವೇತ ನಿಂತಿದ್ದಳು. ಅವಳ ದುಪಟ್ಟದಿಂದ ಬೆಸುಗೆಯ ಹೊಗೆ ಇನ್ನೂ ಹೋಗಿರಲಿಲ್ಲ. ಕೈಯಲ್ಲಿ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ ಪ್ಯಾಡು. ಅದರ ಬಾಲಕ್ಕೆ ಪ್ರಿಂಟರಿನ ಅಗಲವಾದ ಪಿನ್ನು.

"ಪಾರ್ವತಮ್ಮ ಮೇಡಂ ಇದಾರಾ ಅಮ್ಮ? ನನ್ನ ಕೆಲಸ ಹೋಯ್ತು. ಅದನ್ನ ವಾಪಸ್ ಕೊಡ್ಸಿ ಅಂತ ಬಂದಿಲ್ಲ. ನಾನು ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡ್ಕೊಡಿ, ಸಾಕು."

ಜಯಲಕ್ಷ್ಮಮ್ಮ ತಾಲ್ಲೂಕು ಲೈಬ್ರರಿಯಲ್ಲಿ ಮೂವತ್ತು ವರ್ಷ ಪುಸ್ತಕ ಕೊಟ್ಟವರು. ನಿವೃತ್ತಿಯಾದ ಮೇಲೂ ಮಧ್ಯಾಹ್ನ ಹೋಗಿ ಪೇಪರು ಜೋಡಿಸಿ ಬರುತ್ತಿದ್ದರು. ಎಲೆಕ್ಟ್ರಾನಿಕ್ಸ್ ಪತ್ರಿಕೆ ಕೇಳಿಕೊಂಡು ಬರುತ್ತಿದ್ದ ಏಕೈಕ ಹುಡುಗಿ ಅರಕೆರೆಯ ಈ ಶ್ವೇತ. ಜಯಲಕ್ಷ್ಮಮ್ಮ ಜೊತೆಗಿದ್ದ ಆ ಮನೆಯ ಒಡತಿ ಪಾರ್ವತಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಊರಿನಲ್ಲಿ ಏನಾದರೂ ಕಳೆದರೆ, ಯಾರ ಮೇಲಾದರೂ ಸುಳ್ಳು ಅಪವಾದ ಬಂದರೆ, ಜನ ಪೊಲೀಸರಿಗಿಂತ ಮೊದಲು ಅವರ ಜಗುಲಿಗೆ ಬರುತ್ತಿದ್ದರು. ಡೈರಿಯ ಹಾಲಿನ ಅಳತೆಯ ಮೋಸದಲ್ಲಿ ಯಾರ ಕೈ ಇದೆ ಎಂದು ಒಂದು ಸೀಮೆಸುಣ್ಣದಿಂದ ಕಂಡುಹಿಡಿದಿದ್ದು ಅವರೇ.

ಪಾರ್ವತಮ್ಮ ಮೊದಲು ಆ ಹುಡುಗಿಗೆ ನೀರು ಕೊಟ್ಟರು. ಆಮೇಲೆ ಅಡುಗೆಮನೆಯ ಕರಿಹಲಗೆಯ ಮುಂದೆ ಕೂರಿಸಿದರು.

"ಮೊದಲಿಂದ ಹೇಳು. ನಾನು ದಡ್ಡಿ ಅಂದ್ಕೊಂಡು ಹೇಳು."

ಶ್ವೇತ ಬಸ್‌ಸ್ಟ್ಯಾಂಡ್ ಹತ್ತಿರದ ನಂದಿ ಗಣಕ ಕೇಂದ್ರದಲ್ಲಿ, ಹಿಂದೆ ಪ್ರೆಸ್ಸಾಗಿದ್ದ ಜಾಗದಲ್ಲಿ, ಕನ್ನಡ ಡಿ.ಟಿ.ಪಿ. ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ಸೋದರಮಾವ ಕೊಡಿಸಿದ ವಿಡಿಯೋ ಗೇಮಿನ ಪೆಟ್ಟಿಗೆ ಕರೆಂಟಿನ ಏರಿಳಿತಕ್ಕೆ ಸುಟ್ಟುಹೋಗಿ, ಪ್ಯಾಡು ಮಾತ್ರ ಉಳಿದಿತ್ತು. ಮೈಸೂರಿನಲ್ಲಿ ಕೊಂಡ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಒಂದು ಎಮ್ಯುಲೇಟರ್ ಸಿಕ್ಕಿತು. ಕಂಪ್ಯೂಟರಿನೊಳಗೇ ಆ ಹಳೆಯ ಪೆಟ್ಟಿಗೆಯ ವೇಷ ಹಾಕಿಕೊಂಡು ಕೂರುವ ಪ್ರೋಗ್ರಾಂ ಅದು. ಆಟ ಶುರುವಾಯಿತು, ಆದರೆ ಕೀಲಿಮಣೆಯಲ್ಲಿ ಆಡಿದರೆ ಕೈಗೆ ಒಗ್ಗಲಿಲ್ಲ. ಪ್ಯಾಡನ್ನೇ ಕಂಪ್ಯೂಟರಿಗೆ ಜೋಡಿಸುವುದೆಂದು ಹಟ ಹಿಡಿದಳು.

"ಯಜಮಾನರು ಒಪ್ಪಿದ್ರಾ?"

"ಕೆಲಸ ಮುಗಿದ ಮೇಲೆ ಏನಾದ್ರೂ ಮಾಡ್ಕೋ ಅಂದ್ರು ಮೇಡಂ. ಎಲ್ಲರ ಎದುರಿಗೇ ಅಂದ್ರು. ಈಗ ಅಂದೇ ಇಲ್ಲ ಅಂತಾರೆ."

"ಪ್ಯಾಡಿಗೆ ಗುಂಡಿ ಎಂಟಿವೆ. ತಂತಿ ಐದೇ. ಹೇಗೆ?"

ಶ್ವೇತಳ ಮುಖಕ್ಕೆ ಆಗ ಮೊದಲ ಸಲ ಕಳೆ ಬಂತು. "ಹಾಜರಿ ಕೂಗೋ ಥರ ಮೇಡಂ. ಒಂದು ತಂತೀಲಿ ಕರೆಂಟು, ಇನ್ನೊಂದು ವಾಪಸ್ಸಿಗೆ. ಮೂರನೇದು 'ಎಲ್ಲ ಸಾಲಾಗಿ ನಿಲ್ಲಿ' ಅನ್ನುತ್ತೆ. ನಾಲ್ಕನೇದು ಒಂದೊಂದು ಸಲ ಕೂಗಿದಾಗಲೂ ಸಾಲಿನಲ್ಲಿ ಒಬ್ಬೊಬ್ಬರು ಮುಂದೆ ಬರ್ತಾರೆ. ಐದನೇ ತಂತೀಲಿ ಉತ್ತರ: ಒತ್ತಿದಾರೆ, ಒತ್ತಿಲ್ಲ. ಎ, ಬಿ, ಸೆಲೆಕ್ಟು, ಸ್ಟಾರ್ಟು, ಮೇಲೆ, ಕೆಳಗೆ, ಎಡ, ಬಲ. ಯಾವಾಗಲೂ ಇದೇ ಸಾಲು. ಕೂಗೋ ಪ್ರೋಗ್ರಾಂ ನಾನೇ ಬರೆದೆ."

ಪಾರ್ವತಮ್ಮ ಎಂಟೂ ಹೆಸರನ್ನು ಹಲಗೆಯ ಮೇಲೆ ಸಾಲಾಗಿ ಬರೆದರು. "ಕೂಡಲೇ ಸರಿಯಾಯಿತೋ?"

"ಎಲ್ಲಿ! ಮೊದಲನೇ ಕೂಗು ಎಲ್ಲೋ ನುಂಗಿ ಹೋಗ್ತಿತ್ತು. ಎರಡು ಸಲ ಕೂಗಿದ್ರೂ ಎ-ನೇ ಉತ್ತರ ಹೇಳೋದು. ತಂತಿ ಬದಲಾಯಿಸ್ದೆ, ಬೆಸುಗೆ ಬಿಚ್ಚಿ ಹಾಕ್ದೆ, ಎರಡು ವಾರ ಹೆಣಗಿದೆ. ಕೊನೆಗೆ ಎಂಟರ ಬದಲು ಒಂಬತ್ತು ಸಲ ಕೂಗಿಸಿ, ಮೊದಲನೇ ಉತ್ತರ ಬಿಟ್ಟುಬಿಡು ಅಂತ ಬರೆದೆ. ಸರಿಹೋಯ್ತು! ಹಬ್ಬದ ಹಿಂದಿನ ಶನಿವಾರ ಮಂಜುನಾಥಣ್ಣನೂ ಕುಳ್ಳಮ್ಮನೂ ನೋಡಿದ್ರು. ಒಂದು ಗುಂಡಿನೂ ತಪ್ಪಲಿಲ್ಲ."

ಮಂಜುನಾಥ ಕೇಂದ್ರದ ಹಿರಿಯ ಆಪರೇಟರು, ಕೆ.ಆರ್.ಪೇಟೆಯವನು. ಕುಳ್ಳಮ್ಮ ಗುಡಿಸಿ ಒರೆಸುವಾಕೆ.

"ಪ್ಯಾಡು ಸಿಕ್ಕಿಸೋದು ಎಲ್ಲಿಗೆ?"

"ಬೀಗದ ಬೆನ್ನಿಗೆ."

ಆ ಬೀಗವೇ ರಗಳೆಯ ಮೂಲ. ಕನ್ನಡ ಪ್ರೋಗ್ರಾಂ ಕೊಂಡವರಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಕೊಡುತ್ತಿದ್ದರು. ಅದನ್ನು ಕಂಪ್ಯೂಟರಿನ ಹಿಂಭಾಗದಲ್ಲಿ ಪ್ರಿಂಟರಿನ ಕಿಂಡಿಗೆ ತಿರುಪಿದರೆ ಮಾತ್ರ ಕನ್ನಡ ತೆರೆಯುತ್ತಿತ್ತು. ಪ್ರಿಂಟರಾಗಲಿ ಪ್ಯಾಡಾಗಲಿ ಆ ಡಬ್ಬಿಯ ಬೆನ್ನಿಗೇ ಸಿಕ್ಕಬೇಕು. ಬೀಗವನ್ನು ಯಾರೂ ಕಳಚಬಾರದೆಂದು ಯಜಮಾನ ಮಹದೇವಸ್ವಾಮಿಯ ಕಟ್ಟಪ್ಪಣೆ.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಶ್ವೇತ ಪ್ಯಾಡು ಸಿಕ್ಕಿಸಿದಳು. ಸಿಕ್ಕಿಸಿದ ಗಳಿಗೆಯಿಂದಲೇ ಎಲ್ಲ ತಲೆಕೆಳಗು. ಆಟದ ಕೆಂಪು ರುಮಾಲಿನ ಸಿಪಾಯಿ ಬಲ ಒತ್ತಿದರೆ ಎಡಕ್ಕೆ ಓಡಿದ. ಎಡ ಒತ್ತಿದರೆ ಬಗ್ಗಿ ಕೂತ. ಮೇಲೆ ಒತ್ತಿದರೆ ಆಟವೇ ನಿಂತಿತು. ಎ ಒತ್ತಿದರೆ ಏನೂ ಇಲ್ಲ, ಬಿ ಒತ್ತಿದರೆ ಹಾರಿದ. ತಲೆ ಕೆರೆದುಕೊಂಡು ಕಳಚಿಟ್ಟಳು. ಊಟವಾದ ಮೇಲೆ ಮಂಜುನಾಥ ಕನ್ನಡ ತೆರೆಯಲು ಹೋದರೆ, ಬೀಗ ಸಿಗಲಿಲ್ಲವೆಂದು ಪರದೆ ಹೇಳಿತು.

ಶ್ರೀರಂಗಪಟ್ಟಣದಿಂದ ರಿಪೇರಿಯ ಚಿಕ್ಕಸ್ವಾಮಿ ಶನಿವಾರ ಬಂದು ನೋಡಿ ತೀರ್ಪು ಕೊಟ್ಟ: ಪ್ಯಾಡು ಬೀಗವನ್ನು ಸುಟ್ಟಿದೆ. ಮಹದೇವಸ್ವಾಮಿ ಸೋಮವಾರದಿಂದ ಕಲಿಯಲು ಸೇರಬೇಕೆಂದು ಹೆಸರು ಬರೆಸಲು ಬಂದಿದ್ದ ಹದಿನೈದು ಹುಡುಗಿಯರ ಎದುರಿಗೇ ಕೂಗಾಡಿ, ಇನ್ನು ಹೆಣ್ಣುಮಕ್ಕಳನ್ನು ಮಿಶೀನಿನ ಮುಂದೆ ಕೂರಿಸುವುದಿಲ್ಲವೆಂದು ಎಲ್ಲರನ್ನೂ ವಾಪಸು ಕಳಿಸಿದರು. ಶ್ವೇತಳ ಅಪ್ಪನಿಗೆ ಕಾಗದವನ್ನೂ ಬರೆದು ಕೈಗೆ ಮುಟ್ಟಿಸಿದರು: ನಿಮ್ಮ ಮಗಳು ಆಟವಾಡಿ ಮಿಶೀನು ಕೆಡಿಸಿದ್ದಾಳೆ.

"ಅಪ್ಪ ಶುಕ್ರವಾರದವರೆಗೆ ಟೈಂ ಕೊಟ್ಟವ್ರೆ. ಅಷ್ಟರೊಳಗೆ ಅಪವಾದ ತೊಳ್ಕೊಳ್ದಿದ್ರೆ ಮನೇಲಿರು ಅಂದ್ರು. ಇವತ್ತೆಲ್ಲ ಪ್ಯಾಡು ಬಿಚ್ಚಿ ಒಂದೊಂದು ತಂತಿನೂ ನೋಡಿದೀನಿ ಮೇಡಂ. ನನ್ನ ಬೆಸುಗೇಲಿ ತಪ್ಪಿಲ್ಲ."

"ತಪ್ಪಾಯ್ತು ಅಂತ ಬರ್ಕೊಟ್ರೆ ಬಿಡ್ತಾರೇನೋ," ಎಂದರು ಜಯಲಕ್ಷ್ಮಮ್ಮ ಮೆಲ್ಲಗೆ. ಆ ಹುಡುಗಿಯ ಬೆರಳ ತುದಿಯ ಸುಟ್ಟ ಬೊಬ್ಬೆಗಳು ಅವರ ಕಣ್ಣಿಗೆ ಬಿದ್ದಿದ್ದವು.

"ಸಾಯ್ತೀನಿ, ಬರ್ಕೊಡಲ್ಲ. ನಾಳೆಯಿಂದ ಒಂಬತ್ತು ಗಂಟೆಗೆ ಹೋಗಿ ಅವರ ಮೆಟ್ಟಿಲ ಮೇಲೆ ಕೂರ್ತೀನಿ. ಐದಕ್ಕೆ ಏಳ್ತೀನಿ. ಬೋರ್ಡು ಅವರದು, ರಸ್ತೆ ಅವರದಲ್ಲ."

ಪಾರ್ವತಮ್ಮ ಹಲಗೆಯ ಮೇಲೆ ಎಂಟು ಹೆಸರುಗಳ ಪಕ್ಕದಲ್ಲಿ ಶುಕ್ರವಾರದ ಅವಾಂತರವನ್ನು ಬರೆದಿದ್ದರು. ಎರಡು ಸಾಲನ್ನೂ ನೋಡಿ, ಸೀಮೆಸುಣ್ಣ ಕೆಳಗಿಟ್ಟು ಒಂದು ಏಲಕ್ಕಿ ಬಾಯಿಗೆ ಹಾಕಿಕೊಂಡರು. ಏಲಕ್ಕಿ ಬಾಯಿಗೆ ಹೋಯಿತೆಂದರೆ ದಾರಿ ಕಂಡಿದೆ ಎಂದರ್ಥ. ಅದು ಜಯಲಕ್ಷ್ಮಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

"ಕೂತ್ಕೋ ಮಗು," ಎಂದರು ಪಾರ್ವತಮ್ಮ. "ನಿನ್ನ ಪ್ಯಾಡು ಕೆಟ್ಟಿಲ್ಲ. ಅದು ಏನೋ ಹೇಳ್ತಿದೆ."

ಸೋಮವಾರ ಇಬ್ಬರೂ ಕೇಂದ್ರಕ್ಕೆ ಹೋದಾಗ ಶ್ವೇತ ಹೇಳಿದಂತೆ ಮೆಟ್ಟಿಲ ಮೇಲೆ ನೇರವಾಗಿ ಕೂತಿದ್ದಳು, ತೊಡೆಯ ಮೇಲೆ ಪ್ಯಾಡು. ಬಸ್ಸಿಗೆ ಕಾಯುವವರೆಲ್ಲ ನೋಡುತ್ತಿದ್ದರು. ಅವಳೂ ಅವರನ್ನು ನೋಡುತ್ತಿದ್ದಳು.

ಒಳಗೆ ಮಹದೇವಸ್ವಾಮಿ ಎದ್ದು ನಿಂತರು. ಅವರ ಅಕ್ಕ ಪಾರ್ವತಮ್ಮನ ಕೈಲಿ ಕಲಿತವರು. ಆದರೂ ದನಿ ಏರಿಯೇ ಇತ್ತು. "ಮೇಡಂ, ನೀವು ಹೇಳಿದ್ರೂ ಅಷ್ಟೆ. ನಮ್ಮಪ್ಪನ ಕಾಲದಿಂದ ನಲವತ್ತು ವರ್ಷದ ಪ್ರೆಸ್ಸು ಇದು. ಈ ಹುಡುಗಿ ಆಟಕ್ಕೆ ನಿಂತೋಯ್ತು."

ಮೂಲೆಯಲ್ಲಿ ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದ ಚಿಕ್ಕಸ್ವಾಮಿ ನಕ್ಕ. "ಇದು ನಿಮ್ ಕಾಲದ ನಿಂಬೆಹಣ್ಣಿಗೆ ತಂತಿ ಚುಚ್ಚೋ ಪ್ರಯೋಗ ಅಲ್ಲ ಮೇಡಂ. ಕಂಪ್ಯೂಟ್ರು."

"ಹೌದಪ್ಪ," ಎಂದರು ಪಾರ್ವತಮ್ಮ. "ನಿಂಬೆಹಣ್ಣು ಸುಳ್ಳು ಹೇಳ್ತಿರಲಿಲ್ಲ. ಬೀಗ ಕಳಚಿ ನೋಡಿದೆಯೇನು?"

"ನೋಡೋದೇನೈತೆ? ಸುಟ್ಟಿರೋದು ವಾಸ್ನೇಲೇ ಗೊತ್ತಾಯ್ತದೆ."

ಜಯಲಕ್ಷ್ಮಮ್ಮ ಬಗ್ಗಿ ಮೂಸಿದರು. ಧೂಳಿನ ವಾಸನೆ ಬಿಟ್ಟು ಏನೂ ಇರಲಿಲ್ಲ. ಪಾರ್ವತಮ್ಮ ಅವರ ಚೀಲದಿಂದ ಪುಟ್ಟ ಕನ್ನಡಿ ಈಸಿಕೊಂಡು ಕಂಪ್ಯೂಟರಿನ ಹಿಂದೆ ಹಿಡಿದರು. ಬೀಗದ ಮೇಲ್ಮುಖದಲ್ಲಿ ಕಂಪನಿಯ ಅಕ್ಷರಗಳು; ಅವುಗಳ ಮೇಲೆ ಅಡ್ಡಡ್ಡಲಾಗಿ ವಿಭೂತಿಯ ಮೂರು ಗೀಟು.

"ಆಯುಧಪೂಜೆ ಯಾರು ಮಾಡಿದ್ರು?"

"ಯಜಮಾನ್ರೇ ಕಣವ್ವಾ," ಎಂದಳು ಕುಳ್ಳಮ್ಮ, ಪೊರಕೆ ಹಿಡಿದೇ. "ಯಜಮಾನ್ರು, ಸ್ವೇತವ್ವ, ಮಂಜಪ್ಪ, ನಾನು. ಇಷ್ಟೇ ಜನ ಇದ್ದುದ್ದು. ಬೀಗಾನೂ ಕಳಚಿ ಬೀಗದ ಕೈಗೊಂಚಲಿನ ಜತ್ಗೇ ತಟ್ಟೇಲಿ ಮಡಗಿದ್ರು. ಪೂಜೆ ಆದ್ಮೇಲೆ ಅವ್ರೇ ತಿರುಗ್ಸುದ್ರು. ನಾನು ಕುಂಕುಮ ಇಡಾಕ್ ಹೋದ್ರೆ ಬೈದ್ರು, ದೊಡ್ ಯಜಮಾನ್ರ ಕಾಲ್ದಿಂದ್ಲೂ ಇಲ್ಲಿ ಅಕ್ಸರದ ಮುಖಕ್ಕೆ ಏನೂ ಬಳಿಯಂಗಿಲ್ವಂತೆ."

ಪಾರ್ವತಮ್ಮ ಕೀಲಿಮಣೆಯನ್ನು ಎತ್ತಿ ಮಗುಚಿ ನೋಡಿದರು. ಕೆಳಭಾಗದಲ್ಲಿ ಮೂರು ವಿಭೂತಿ ಗೀಟು. ಮತ್ತೆ ಮೆಲ್ಲಗೆ ಇಟ್ಟರು.

ಮುಂದಿನದು ವಿಚಾರಣೆ. ಬುಧವಾರ ಆಯುಧಪೂಜೆ. ಗುರುವಾರ, ವಿಜಯದಶಮಿ, ಕೇಂದ್ರಕ್ಕೆ ರಜ. ಶುಕ್ರವಾರ ಬೆಳಗ್ಗೆ ಬಾಗಿಲು ತೆರೆದವನು ಮಂಜುನಾಥ. ಕುಳ್ಳಮ್ಮ ಗುಡಿಸಿದಳು. ಹತ್ತಕ್ಕೆ ಚಿಕ್ಕಸ್ವಾಮಿ ತಿಂಗಳ ಕ್ಲೀನಿಂಗಿಗೆ ಬಂದು ಒಂದು ಗಂಟೆ ಇದ್ದು ಹೋದ. ಹಬ್ಬದ ದಿನ ಅವನು ತನ್ನ ಅಂಗಡಿಯ ಪೂಜೆಯಲ್ಲಿದ್ದ. ಶುಕ್ರವಾರ ಬೆಳಗ್ಗೆ ಇಂಗ್ಲಿಷ್ ಟೈಪಿಂಗಿನ ಪಾಠವಿದ್ದುದರಿಂದ ಮಧ್ಯಾಹ್ನದವರೆಗೂ ಯಾರೂ ಕನ್ನಡ ತೆರೆದಿರಲಿಲ್ಲ.

"ನೀನೇನಂತೀಯ ಮಂಜುನಾಥ? ಹಬ್ಬದ ಹಿಂದಿನ ಶನಿವಾರ ಪ್ಯಾಡು ಸರಿಯಿತ್ತಂತೆ. ಆಮೇಲೂ ಕನ್ನಡ ತೆರೆದಿತ್ತಲ್ಲವೆ?"

ಮಂಜುನಾಥ ಯಜಮಾನರ ಮುಖ ನೋಡಿದ. "ನಂಗೆ... ಜ್ಞಾಪಕ ಇಲ್ಲ ಮೇಡಂ."

ಮಧ್ಯಾಹ್ನ ಅವನು ಗೋಡೆಗೆ ಮುಖ ಮಾಡಿ ಕೂತು ಊಟದ ಡಬ್ಬಿ ಬಿಚ್ಚಿದ. ಹೊರಗೆ ಕುಳ್ಳಮ್ಮ ತನ್ನ ಮುದ್ದೆಯನ್ನು ಎರಡು ಮಾಡಿ, ಒಂದನ್ನು ಎಲೆಯ ಮೇಲಿಟ್ಟು ಶ್ವೇತಳ ಪಕ್ಕಕ್ಕೆ ತಳ್ಳಿ, ಏನೂ ಆಗದವಳಂತೆ ರಸ್ತೆ ನೋಡುತ್ತ ತಿಂದಳು. ಜಯಲಕ್ಷ್ಮಮ್ಮ ಇದನ್ನು ಕಂಡರು.

ಮಂಗಳವಾರ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಅವರ ಕಣ್ಣಿಗೆ ಒಂದು ಕರಪತ್ರ ಬಿತ್ತು. ಕೆ.ಆರ್.ಪೇಟೆಯ ಯುವಕ ಸಂಘದ ಕಬಡ್ಡಿ ಪಂದ್ಯ. ಅಕ್ಷರಗಳು ದುಂಡಗೆ, ನುಣ್ಣಗೆ. ನಂದಿ ಕೇಂದ್ರದಲ್ಲಿ ಶ್ವೇತ ಹೊಡೆಯುತ್ತಿದ್ದ ಅದೇ ಕಂಪ್ಯೂಟರ್ ಅಕ್ಷರ. ಆದರೆ ಅಡಿಯಲ್ಲಿ ಪುಟ್ಟದಾಗಿ ಇದ್ದ ಹೆಸರು ಬೇರೆ: ಚಲುವ ಮುದ್ರಣ, ನಾಗಮಂಗಲ. ಮೂವತ್ತು ವರ್ಷ ಈ ಸೀಮೆಯ ಕರಪತ್ರಗಳನ್ನು ಫೈಲು ಮಾಡಿದ ಕೈ ಅದು. ಚಲುವ ಮುದ್ರಣದ್ದು ಹೋದ ತಿಂಗಳವರೆಗೂ ಸವೆದ ಸೀಸದ ಅಚ್ಚುಮೊಳೆಗಳು, 'ಕ'ದ ತಲೆಕಟ್ಟು ಯಾವಾಗಲೂ ಮುರಿದಿರುತ್ತಿತ್ತು. ಅವರು ಕರಪತ್ರ ಬಿಚ್ಚಿಕೊಂಡು ಮನೆಗೆ ಓಡಿದರು. ಅರವತ್ತೊಂದರ ವಯಸ್ಸಿಗೆ ಎಷ್ಟು ಓಡಬಹುದೋ ಅಷ್ಟು.

ಪಾರ್ವತಮ್ಮ ಓದಿ, ಅವರ ಕೈ ಹಿಡಿದು ಕುಲುಕಿದರು. "ಜಯಾ, ಅರ್ಧ ಕೆಲಸ ನೀನೇ ಮಾಡಿದೆ."

"ಕೆ.ಆರ್.ಪೇಟೆ ಅಂದ್ರೆ ಮಂಜುನಾಥನ ಊರು," ಎಂದರು ಜಯಲಕ್ಷ್ಮಮ್ಮ ಬೇಸರದಿಂದ.

"ಹೌದು. ನಾಳೆ ನಾಗಮಂಗಲಕ್ಕೆ ಹೋಗೋಣ. ಪ್ಯಾಡೂ ಬರುತ್ತೆ."

ಶ್ವೇತಳನ್ನು ಕರೆದರೆ ಬರಲಿಲ್ಲ. "ನಾನು ಎದ್ದೋದ್ರೆ ಸೋತೋದ್ಲು ಅಂತಾರೆ." ಆಟವನ್ನೂ ತನ್ನ ಪ್ರೋಗ್ರಾಮನ್ನೂ ತುಂಬಿದ ಒಂದು ಫ್ಲಾಪಿ ಕೊಟ್ಟು, ಯಾವ ಗುಂಡಿ ಯಾವಾಗ ಒತ್ತಬೇಕೆಂದು ಹಾಳೆಯಲ್ಲಿ ಬರೆದುಕೊಟ್ಟಳು.

ಹಾಗಾಗಿ ಬುಧವಾರ ಇಬ್ಬರು ಮುದುಕಿಯರು ಬಟ್ಟೆ ಚೀಲದಲ್ಲಿ ವಿಡಿಯೋ ಗೇಮಿನ ಪ್ಯಾಡು ಇಟ್ಟುಕೊಂಡು ನಾಗಮಂಗಲದ ಬಸ್ಸು ಹತ್ತಿದರು. ಜಕ್ಕನಹಳ್ಳಿಯ ಹತ್ತಿರ ಮೇಲುಕೋಟೆಯ ಬೆಟ್ಟ ಕಂಡಾಗ ಕಂಡಕ್ಟರು ಚೀಲದಿಂದ ಇಣುಕುವ ತಂತಿ ನೋಡಿ, "ಇಸ್ತ್ರಿ ಪೆಟ್ಗೆನಾ ಅಮ್ಮ?" ಎಂದ. "ಸಾಕ್ಷಿ ಕಣಪ್ಪ," ಎಂದರು ಪಾರ್ವತಮ್ಮ.

ಚಲುವ ಮುದ್ರಣದ ಯಜಮಾನ ಚಲುವಯ್ಯ ಐವತ್ತು ದಾಟಿದ ಸೌಮ್ಯ ಮನುಷ್ಯ. ಹೊಸ ಕಂಪ್ಯೂಟರಿಗೆ ಮಲ್ಲಿಗೆ ಮುಡಿಸಿದ್ದ. ಪಾರ್ವತಮ್ಮ ಮುಚ್ಚುಮರೆ ಇಲ್ಲದೆ ಬಂದ ಕಾರಣ ಹೇಳಿದಾಗ ಅವನ ಮುಖ ಬಿಳಿಚಿತು, ಆದರೂ ದಾರಿ ಬಿಟ್ಟ. "ನೋಡ್ರವ್ವ. ಕದ್ದ ಮಾಲು ನನ್ ಅಂಗ್ಡೀಲಿದ್ರೆ ನಂಗೇ ಬ್ಯಾಡ."

ಅಲ್ಲಿ ಬೀಗದ ಬೆನ್ನಿಗೆ ಪ್ಯಾಡು ಸಿಕ್ಕಿಸಿ, ಹಾಳೆ ನೋಡಿ ನೋಡಿ ಆಟ ತೆರೆದವರು ಜಯಲಕ್ಷ್ಮಮ್ಮ. ಹೆಬ್ಬೆರಳಿನಿಂದ ಬಲ ಒತ್ತಿದರು. ಸಿಪಾಯಿ ಬಲಕ್ಕೆ ಓಡಿದ. ಎಡ ಒತ್ತಿದರೆ ಎಡಕ್ಕೆ. ಎ ಒತ್ತಿದರೆ ಹಾರಿದ! ಪಾರ್ವತಮ್ಮ ಚಲುವಯ್ಯನನ್ನು ಪಕ್ಕಕ್ಕೆ ಕರೆದು ಏನೇನೋ ಕೇಳುತ್ತಿದ್ದರು. ಜಯಲಕ್ಷ್ಮಮ್ಮನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಮುಂದೆ ಒಂದು ಹಳ್ಳ ಬಂದಿತ್ತು, ಅದನ್ನು ದಾಟಿಸಬೇಕಿತ್ತು.

ಗುರುವಾರ ಬೆಳಗ್ಗೆ ಹತ್ತಕ್ಕೆ ಪಾರ್ವತಮ್ಮ ಎಲ್ಲರನ್ನೂ ಕೇಂದ್ರದಲ್ಲಿ ಕೂಡಿಸಿದರು. ವಾಪಸು ಹೋದ ಹದಿನೈದು ಹುಡುಗಿಯರನ್ನೂ ಕರೆಸಬೇಕೆಂದು ಹಟ ಹಿಡಿದಿದ್ದರು. "ಬೈದಿದ್ದು ಇವರ ಎದುರಿಗೆ ತಾನೆ?" ಎಂದಾಗ ಮಹದೇವಸ್ವಾಮಿ ಕುರ್ಚಿ ಸರಿಸಿ ಜಾಗ ಮಾಡಿದರು. ಹುಡುಗಿಯರು ಗೋಡೆಯುದ್ದಕ್ಕೂ ನಿಂತರು. ಶ್ವೇತ ಹೊಸಿಲಿನವರೆಗೆ ಬಂದು ಅಲ್ಲೇ ನಿಂತಳು.

ಪಾರ್ವತಮ್ಮ ಒಂದು ಹಾಜರಿ ಪುಸ್ತಕ ತೆರೆದರು. "ಎಂಟು ಜನ ಮುಂದೆ ಬನ್ನಿ. ನಿಮ್ಮ ಹೆಸರು ಇವತ್ತು ಎ, ಬಿ, ಸೆಲೆಕ್ಟು, ಸ್ಟಾರ್ಟು, ಮೇಲೆ, ಕೆಳಗೆ, ಎಡ, ಬಲ. ನಾನು ಒಂದೊಂದು ಸಲ ಕೂಗಿದಾಗಲೂ ಒಬ್ಬೊಬ್ಬರು ಹೆಸರು ಹೇಳಿ."

ಹುಡುಗಿಯರು ನಗುತ್ತ ಸಾಲಾದರು.

"ಈಗ ಕುಳ್ಳಮ್ಮ ಬಾಗಿಲಲ್ಲಿ ನಿಂತು ನನ್ನ ಮೊದಲನೇ ಕೂಗನ್ನ ಯಾವಾಗಲೂ ತಡೆದುಬಿಡ್ತಾಳೆ ಅಂತಿಟ್ಕೊಳ್ಳಿ. ಎರಡು ಕೂಗಿಗೂ 'ಎ'ನೇ ಉತ್ತರ ಕೊಡ್ತಾಳೆ. ನಾನೇನು ಮಾಡಬೇಕು? ಒಂಬತ್ತು ಸಲ ಕೂಗಿ ಮೊದಲನೇ ಉತ್ತರ ಬಿಟ್ಟುಬಿಡಬೇಕು. ಆಗ ಎಂಟೂ ಸರಿ. ಶ್ವೇತ ಮಾಡಿದ್ದು ಅದೇ. ಹಬ್ಬದ ಹಿಂದಿನ ಶನಿವಾರ ಅದು ಸರಿಯಾಗಿ ನಡೀತು. ಇನ್ನು, ಕುಳ್ಳಮ್ಮ ಬಾಗಿಲಲ್ಲಿ ಇಲ್ಲ ಅಂತಿಟ್ಕೊಳ್ಳಿ. ಒಂಬತ್ತು ಸಲ ಕೂಗಿ ಮೊದಲನೇದು ಬಿಡ್ತೀನಿ. ಏನಾಗುತ್ತೆ?"

ಪಾರ್ವತಮ್ಮ ಕೂಗಿದರು. ಸಾಲು ಉತ್ತರಿಸಿತು. 'ಎ' ಎಂದದ್ದು ಬಿಟ್ಟುಹೋಯಿತು. ಪುಸ್ತಕದಲ್ಲಿ ಎ-ನ ಮನೆಯಲ್ಲಿ ಬಿ ಬಿದ್ದಳು. ಎಡದ ಮನೆಯಲ್ಲಿ ಬಲ ಬಿದ್ದಳು. ಕೆಳಗಿನ ಮನೆಯಲ್ಲಿ ಎಡ. ಕೊನೆಯ ಮನೆ ಖಾಲಿ.

"ಬಲ ಒತ್ತಿದರೆ ಎಡಕ್ಕೆ!" ಎಂದು ಶ್ವೇತ ಹೊಸಿಲಲ್ಲೇ ಕೂಗಿದಳು. "ಎಡ ಒತ್ತಿದರೆ ಬಗ್ಗಿದ! ಶುಕ್ರವಾರ ಆಗಿದ್ದು ಇದೇ! ಮೇಡಂ, ನನ್ನ ತಂತಿಯಲ್ಲ, ಮೊದಲನೇ ಕೂಗು ನುಂಗ್ತಿದ್ದಿದ್ದು ಬೀಗ!"

"ಬೀಗವೇ. ಶುಕ್ರವಾರ ಅದು ನುಂಗೋದನ್ನ ನಿಲ್ಲಿಸಿತ್ತು."

"ಸುಟ್ಟೋದ್ರೆ ನಿಲ್ಸೇ ನಿಲ್ಸ್ತದೆ," ಎಂದ ಚಿಕ್ಕಸ್ವಾಮಿ, ಕಾಲ ಮೇಲೆ ಕಾಲು ಹಾಕಿ. "ನೀವು ನನ್ ಮಾತ್ನೇ ಸಾಬೀತು ಮಾಡುದ್ರಿ."

"ಒಳ್ಳೆ ಪ್ರಶ್ನೆ, ಒಂದು ಅಂಕ ಕೊಟ್ಟೆ. ಮಹದೇವಸ್ವಾಮಿ, ಆ ಬೀಗ ಕಳಚಿ ಬಿಚ್ಚಿ."

ಮಹದೇವಸ್ವಾಮಿ ಹಿಂಜರಿದರು. ಆಮೇಲೆ ತಾವೇ ತಿರುಪು ತೆಗೆದು ಡಬ್ಬಿ ಸೀಳಿದರು. ಒಳಗೆ ಸುಟ್ಟದ್ದೂ ಇರಲಿಲ್ಲ, ಸುಡದ್ದೂ ಇರಲಿಲ್ಲ. ಈ ಬದಿಯಿಂದ ಆ ಬದಿಗೆ ನೇರ ಎಳೆದ ತಂತಿಗಳು, ಅಷ್ಟೆ. ಖಾಲಿ ಗೂಡು.

"ಇದು... ಇದು ನಮ್ಮ ಬೀಗವೇ ಅಲ್ಲ," ಎಂದರು ಅವರು.

"ಅಲ್ಲ. ನಿಜವಾದದ್ದನ್ನ ಯಾರೋ ಬಿಚ್ಚಿಕೊಂಡು, ನೋಡೋಕೆ ಹಾಗೇ ಇರೋ ಗೂಡು ಹಾಕಿದಾರೆ. ಪೂಜೆಯ ಗುರುತಿಲ್ಲದಿದ್ದರೆ ಅನುಮಾನ ಬರುತ್ತೆ ಅಂತ ವಿಭೂತಿನೂ ಹಚ್ಚಿದಾರೆ. ತಪ್ಪಿದ್ದು ಅಲ್ಲೇ. ಆ ಗೀಟು ಯಾವ ಮುಖದ ಮೇಲಿದೆ ನೋಡಿ."

ಮಹದೇವಸ್ವಾಮಿ ನೋಡಿದರು. ಅವರ ಹುಬ್ಬು ಮೇಲೇರಿತು. "ಅಕ್ಷರದ ಮೇಲೆ! ನಮ್ಮಲ್ಲಿ ಯಾರೂ ಹೀಗೆ ಹಚ್ಚಲ್ಲ ಮೇಡಂ. ಮೊಳೆಯ ಮುಖಕ್ಕೆ ಬೂದಿ ಮೆತ್ತಿದ್ರೆ ಅಚ್ಚು ಕೆಡುತ್ತೆ ಅಂತ ಅಪ್ಪ ಬೆನ್ನಿಗೇ ಹಚ್ತಿದ್ರು. ಸೀಸದ ಮೊಳೆ ಹೋದ್ರೂ ನಾನು ಅದನ್ನ ಬಿಟ್ಟಿಲ್ಲ."

"ಕೀಲಿಮಣೆಗೂ ಬೆನ್ನಿಗೇ ಹಚ್ಚಿದ್ದೀರಿ, ನಾನು ಮಗುಚಿ ನೋಡಿದೆ. ಪೂಜೆಗೆ ಇದ್ದವರು ನಾಲ್ವರು. ನಾಲ್ವರಿಗೂ ಈ ಪದ್ಧತಿ ಗೊತ್ತು. ಇದನ್ನ ಹಚ್ಚಿದವರಿಗೆ ಇಲ್ಲಿ ವಿಭೂತಿ ಹಚ್ತಾರೆ ಅಂತ ಗೊತ್ತು, ಎಲ್ಲಿಗೆ ಅಂತ ಗೊತ್ತಿಲ್ಲ. ಪೂಜೆಗೆ ಇರದೆ, ಶುಕ್ರವಾರ ಬೆಳಗ್ಗೆ ಮಿಶೀನಿನ ಹಿಂದೆ ಕೈಯಾಡಿಸಿದವರು ಯಾರು?"

ಎಲ್ಲರೂ ಚಿಕ್ಕಸ್ವಾಮಿಯ ಕಡೆ ತಿರುಗಿದರು. ಅವನ ಕಾಲು ಕೆಳಗಿಳಿಯಿತು.

"ಏನ್ ಮೇಡಂ, ಬೂದಿ ನೋಡ್ಕಂಡು ಕಳ್ಳನ್ನ ಇಡಿಯಕೆ ಓಯ್ತೀರಾ? ಮಂಜುನಾಥನ್ನ ಕೇಳಿ! ಬಾಗ್ಲು ತಗ್ದೋನು ಅವ್ನು. ನಾಗಮಂಗಲದಲ್ಲಿ ಕಬಡ್ಡಿ ನೋಟೀಸು ಒಡ್ಸಿದ್ದೂ ಅವ್ನೇ!"

ಮಂಜುನಾಥನ ಮುಖ ಕಪ್ಪಾಯಿತು. ಪಾರ್ವತಮ್ಮ ಹಾಜರಿ ಪುಸ್ತಕ ಮುಚ್ಚಿದರು.

"ಹೊಡೆಸಿದ್ದು ನಿಜ. ಇಲ್ಲಿ ಕನ್ನಡ ನಿಂತಿತ್ತು, ಪಂದ್ಯ ಹತ್ತಿರ ಬಂದಿತ್ತು, 'ಸಿಕ್ಕಲ್ಲಿ ಹೊಡೆಸು' ಅಂತ ಅವನ ಸಂಘದೋರು ಪೀಡಿಸಿದರು. ಯಜಮಾನರಿಗೆ ಹೇಳೋಕೆ ಹೆದರಿದ. ಅಷ್ಟೇ ಅವನ ತಪ್ಪು. ಆದರೆ ಚಿಕ್ಕಸ್ವಾಮಿ, ನಾಗಮಂಗಲದ ಹೆಸರು ಇಲ್ಲಿ ನಾನಿನ್ನೂ ಎತ್ತಿಲ್ಲವಲ್ಲ? ಆ ನೋಟೀಸು ಅಲ್ಲಿ ಅಚ್ಚಾಯ್ತು ಅಂತ ನಿನಗೆ ಹೇಳಿದವರು ಯಾರು?"

ಚಿಕ್ಕಸ್ವಾಮಿ ಬಾಗಿಲ ಕಡೆ ನೋಡಿದ.

"ನಾನೇ ಏಳಿದ್ದು," ಎಂದು ಹಿಂದಿನ ಕೋಣೆಯಿಂದ ದನಿ ಬಂತು. ಪಾರ್ವತಮ್ಮ ಮೊದಲೇ ಕರೆಸಿ ಕೂರಿಸಿದ್ದ ಚಲುವಯ್ಯ ಕೈಯಲ್ಲಿ ಕರವಸ್ತ್ರದ ಗಂಟು ಹಿಡಿದು ಬಂದ. "ಸುಕ್ರವಾರ ನಂಗೆ ಬೀಗ ಮಾರುದ್ಮೇಲೆ ಸನಿವಾರ ಫೋನ್ ಮಾಡಿ ಎಂಗ್ ನಡೀತೈತೆ ಅಂತ ಕೇಳ್ದ. ಕೆ.ಆರ್.ಪೇಟೆ ಮಂಜಪ್ಪಂದು ಮೊದಲ್ನೇ ಕೆಲ್ಸ ಅಂದೆ. ಕಂಪ್ನಿಯಿಂದ್ಲೇ ಬಂದಿರೋ ಬೀಗ ಅಂದಿದ್ನಲ್ಲೋ ಚಿಕ್ಸಾಮಿ? ನನ್ ಮುಖಕ್ಕೆ ಮಸಿ ಬಳ್ದ್‌ಬುಟ್ಯಲ್ಲೋ."

ಗಂಟು ಬಿಚ್ಚಿದ. ಬೀಗದ ಅಕ್ಷರವಿಲ್ಲದ ಬೆನ್ನಿನ ಮೇಲೆ, ಮಾಸಿದರೂ ಕಾಣುವಂತೆ, ಮಹದೇವಸ್ವಾಮಿಯ ಮೂರು ಬೆರಳಿನ ಗೀಟು.

ಚಿಕ್ಕಸ್ವಾಮಿ ಎದ್ದು ಬಾಗಿಲತ್ತ ನಡೆದ. ಹೊಸಿಲಲ್ಲಿ ಶ್ವೇತ ನಿಂತಿದ್ದಳು. ಅವಳು ಜರುಗಲಿಲ್ಲ.

"ದಾರಿ ಬುಡು."

"ನಾಲ್ಕು ದಿನ ಇಲ್ಲೇ ಕೂತಿದ್ದೆ. ಆಗ ದಾಟ್ಕೊಂಡು ಓಡಾಡ್ತಿದ್ಯಲ್ಲ, ಆಟದ ರಾಣಿ ಅಂತ ಅಣಕಿಸ್ಕೊಂಡು? ನನ್ನ ಪ್ಯಾಡು ಬೀಗ ಸುಟ್ಟಿಲ್ಲ ಅಂತ ಹೇಳಿ ಹೋಗು."

ಹದಿನೈದು ಹುಡುಗಿಯರೂ ಮೆಲ್ಲಗೆ ಅವಳ ಅಕ್ಕಪಕ್ಕ ಬಂದು ನಿಂತರು. ಚಿಕ್ಕಸ್ವಾಮಿ ನೆಲ ನೋಡುತ್ತ ಅಂದ. ಕೇಳಿಸಲಿಲ್ಲವೆಂದಳು. ಮತ್ತೆ ಜೋರಾಗಿ ಅಂದ. ಆಮೇಲೆ ಚಲುವಯ್ಯನೂ ಮಹದೇವಸ್ವಾಮಿಯೂ ಅವನನ್ನು ಪಕ್ಕದ ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋದರು.

ತಿರುಗಿ ಬಂದ ಮಹದೇವಸ್ವಾಮಿ ತುಂಬ ಹೊತ್ತು ಮೇಜು ಒರೆಸಿದರು. ಕೊನೆಗೆ, "ಒಳಗೆ ಬಾ ಶ್ವೇತ. ನಿನ್ನ ಸೀಟು ಖಾಲಿನೇ ಇದೆ," ಎಂದರು.

"ಮೊದಲು ಕಾಗದ ಸಾರ್."

"ಯಾವ ಕಾಗದ?"

"ಅಪ್ಪನಿಗೆ ಬರೆದಿರೋದಕ್ಕೆ ಇನ್ನೊಂದು. ನಾನೇ ಹೊಡೀತೀನಿ, ನೀವು ಸೈನ್ ಹಾಕಿ. ಸೋಮವಾರದಿಂದ ಇವರೆಲ್ಲರ ಬ್ಯಾಚು ಶುರು ಅಂತಾನೂ ಅದರಲ್ಲಿರುತ್ತೆ. ಕೆಲಸ ಮುಗಿದ ಮೇಲೆ ನಾನು ಇಲ್ಲೇ ಆಡ್ತೀನಿ, ಅದೂ ಇರುತ್ತೆ. ಕದ್ದು ಆಡಲ್ಲ."

ಮಹದೇವಸ್ವಾಮಿ ಪಾರ್ವತಮ್ಮನತ್ತ ನೋಡಿದರು. ಪಾರ್ವತಮ್ಮ ಏಲಕ್ಕಿ ಅಗಿಯುತ್ತ ಸೂರು ನೋಡುತ್ತಿದ್ದರು.

ಬೀಗ ಕಿಂಡಿಗೆ ಕೂತಿತು. ಕನ್ನಡ ತೆರೆಯಿತು. ಶ್ವೇತ ಕಾಗದವನ್ನು ಒಂದು ತಪ್ಪಿಲ್ಲದೆ ಹೊಡೆದು ಪ್ರಿಂಟು ತೆಗೆದಳು. ಮಹದೇವಸ್ವಾಮಿ ಎರಡು ಸಲ ಓದಿ ಸಹಿ ಹಾಕಿದರು. ಆಮೇಲೆ, "ಕೆಲಸ ನಾಳೆಯಿಂದ. ಇವತ್ತು ಆಡಮ್ಮ, ಈ ಮಕ್ಕಳೂ ನೋಡಲಿ," ಎಂದು ಅವರೇ ಸಣ್ಣ ದನಿಯಲ್ಲಿ ಅಂದರು.

ಅವಳು ಪ್ರಿಂಟರು ಕಳಚಿ ಬೀಗದ ಬೆನ್ನಿಗೆ ಪ್ಯಾಡು ಸಿಕ್ಕಿಸಿದಳು. ಕೆಂಪು ರುಮಾಲಿನ ಸಿಪಾಯಿ ಬಲಕ್ಕೆಂದರೆ ಬಲಕ್ಕೆ, ಎಡಕ್ಕೆಂದರೆ ಎಡಕ್ಕೆ ಓಡಿದ. ಹುಡುಗಿಯರು ಅವಳ ಕುರ್ಚಿಯ ಸುತ್ತ ಮುತ್ತಿದರು. "ಅಕ್ಕಾ, ಹಳ್ಳ! ಹಳ್ಳ!" ಎಂದು ಯಾರೋ ಕಿರುಚಿದರು. ಜಯಲಕ್ಷ್ಮಮ್ಮನೂ ತುದಿಗಾಲಲ್ಲಿ ನಿಂತು ಇಣುಕಿದರು. ನಾಗಮಂಗಲದಲ್ಲಿ ತಾವು ಆ ಹಳ್ಳವನ್ನು ಮೂರು ಸಲವೂ ದಾಟಲಾಗದೆ ಬಿದ್ದದ್ದನ್ನು ಅವರು ಪಾರ್ವತಮ್ಮನಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಒಂದಾಯಿತು. ಮಂಜುನಾಥ ಎದ್ದು ತನ್ನ ಊಟದ ಡಬ್ಬಿ ತೆಗೆದ. ಈ ಸಲ ಗೋಡೆಯ ಕಡೆ ಹೋಗಲಿಲ್ಲ. ಹುಡುಗಿಯರ ನಡುವೆ ದಾರಿ ಮಾಡಿಕೊಂಡು ಬಂದು, ಮುಚ್ಚಳ ತೆಗೆದು, ಮುದ್ದೆಯ ಮೇಲೆ ಬಸ್ಸಾರು ಹುಯ್ದು, ಶ್ವೇತಳ ಮೊಣಕೈ ತಾಗದಷ್ಟು ದೂರದಲ್ಲಿ, ಕೈಗೆ ಎಟಕುವಷ್ಟು ಹತ್ತಿರದಲ್ಲಿ, ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ.